ಲೇ-ಆಫ್ ಮುಗಿದರೂ ಬಾರದ ಆಪರೇಟರ್

2020ರ ಆಗಸ್ಟ್ 3, ಸೋಮವಾರ. ಪೀಣ್ಯದಲ್ಲಿ ಎಪ್ಪತ್ತು ಜನರಿರುವ ನಮ್ಮ ಮಷಿನ್ ಶಾಪ್‌ನಲ್ಲಿ ಎರಡನೇ ಶಿಫ್ಟ್ ಮತ್ತೆ ಶುರುವಾಯಿತು. ಜೂನ್ 1ರಿಂದ ಲೇ-ಆಫ್‌ನಲ್ಲಿದ್ದ, ಅಂದರೆ ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಮನೆಗೆ ಕಳಿಸಿದ್ದ ಹನ್ನೊಂದು ಜನರಲ್ಲಿ ಹತ್ತು ಮಂದಿ ಗೇಟಿನಲ್ಲಿ ಜ್ವರ ನೋಡಿಸಿಕೊಂಡು ಒಳಗೆ ಬಂದರು. ಬಾರದೆ ಉಳಿದವರು ಹಾವೇರಿ ಕಡೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್) ಆಪರೇಟರ್, ಆರು ವರ್ಷ ತುಂಬಿದ ಸರ್ವಿಸ್. ಸೂಪರ್‌ವೈಸರ್ ಫೋನ್ ಮಾಡಿದಾಗ ಸಿಕ್ಕಿದ್ದು ಒಂದೇ ಮಾತು: "ನಾ ಬರಂಗಿಲ್ರಿ ಸರ." ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ತೀರ್ಮಾನವೇ ಆದಂತಿತ್ತು: ಎಂಟು ದಿನ ನೋಡುವುದು, ಆಮೇಲೆ ಮಸ್ಟರ್‌ನಿಂದ (ಹಾಜರಿ ಪುಸ್ತಕದಿಂದ) ಹೆಸರು ತೆಗೆಯುವುದು.

ಈ ಎಂಟು ದಿನದ ಲೆಕ್ಕ ಎಷ್ಟೋ ಕಾರ್ಖಾನೆಗಳಲ್ಲಿ ಬಾಯಿಪಾಠ. ಕಾರ್ಖಾನೆಯ ಕೆಲಸದ ಷರತ್ತುಗಳಿಗೆ ಸರ್ಕಾರ ಮಾಡಿದ ನಮೂನೆ, ಅಂದರೆ ಆಗಿನ ಮಾದರಿ ಸ್ಥಾಯಿ ಆದೇಶಗಳಲ್ಲಿ ಅದು ಇತ್ತು, ಆದರೆ ರಜೆ ಪಡೆದು ಹೋಗಿ ಅವಧಿ ಮುಗಿದರೂ ಬಾರದವರಿಗೆ. ಲೇ-ಆಫ್ ರಜೆಯಲ್ಲ. ಕೆಲಸ ಕೊಡಲಾಗದೆ ಮನೆಗೆ ಕಳಿಸಿದ್ದು ಕಂಪನಿ. ಅಂಥ ನಿಯಮ ಇದ್ದಾಗಲೂ ವಿಚಾರಣೆಯಿಲ್ಲದೆ ಹೆಸರು ಹೊಡೆದುಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಡಿ. ಕೆ. ಯಾದವ್ ಪ್ರಕರಣದಲ್ಲಿ ಹೇಳಿದೆ. ಕೆಲಸ ಬಿಟ್ಟುಹೋದರು ಎನ್ನಬೇಕಾದರೆ ಬಿಡುವ ಉದ್ದೇಶ ಕಾಣಬೇಕು. ಫೋನ್ ಎತ್ತಿ ಮಾತಾಡುವವರನ್ನು, ಯಾಕೆ ಬರುವುದಿಲ್ಲ ಎಂದು ಕೇಳದೆಯೇ, ಕೆಲಸ ಬಿಟ್ಟವರ ಪಟ್ಟಿಗೆ ಸೇರಿಸಿದರೆ ಲೇಬರ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಿಂದಿನ ಸಂಬಳ ಸಮೇತ ವಾಪಸ್ ತೆಗೆದುಕೊಳ್ಳಿ ಎಂಬ ಆದೇಶ ಬಂದರೆ ಉಳಿಸಿದ್ದಕ್ಕಿಂತ ಹೆಚ್ಚು ಹೋಗುತ್ತದೆ.

ಹಾಗಾಗಿ ಮೊದಲು ಫೈಲ್ ನೋಡಿದೆವು. ಕೆಲಸಕ್ಕೆ ಕರೆದ ಪತ್ರವೇ ಅದರಲ್ಲಿ ಇರಲಿಲ್ಲ. ಕರೆದದ್ದೆಲ್ಲ ವಾಟ್ಸ್ಆ್ಯಪ್ ಗ್ರೂಪಿನ ಒಂದು ವಾಯ್ಸ್ ಮೆಸೇಜ್‌ನಲ್ಲಿ. ಅಂದೇ ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟ್ ವಿತ್ ಎಡಿ (ತಲುಪಿದ್ದಕ್ಕೆ ಸಹಿ ಚೀಟಿ ವಾಪಸ್ ಬರುವಂತೆ) ಮಾಡಿದೆವು. ನಾಲ್ಕೇ ದಿನಕ್ಕೆ ಲಕೋಟೆ ವಾಪಸ್ ಬಂತು, ಮೇಲೆ ಪೋಸ್ಟ್‌ಮ್ಯಾನ್ ಕೈಬರಹದಲ್ಲಿ "ಲೆಫ್ಟ್". ಫೈಲಿನಲ್ಲಿದ್ದದ್ದು ಲಗ್ಗೆರೆಯ ಬಾಡಿಗೆ ರೂಮಿನ ವಿಳಾಸ, ಆ ರೂಮನ್ನು ಲಾಕ್‌ಡೌನ್‌ನಲ್ಲೇ ಖಾಲಿ ಮಾಡಿದ್ದರು. ಊರಿನ ವಿಳಾಸ ಸಿಕ್ಕಿದ್ದು ಪಿಎಫ್ ನಾಮಿನೇಷನ್ ಫಾರಂನಲ್ಲಿ, ತಾಯಿಯ ಹೆಸರಿನ ಪಕ್ಕ. ಇಂಥ ಸಂದರ್ಭದಲ್ಲಿ ಎರಡೂ ವಿಳಾಸಕ್ಕೆ ಕಳಿಸಬೇಕು. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಹಾಗೇ ಫೈಲಿಗೆ ಸೇರಿಸಬೇಕು, ಏಕೆಂದರೆ ಒಡೆದ ಲಕೋಟೆಯಲ್ಲಿ ಯಾವ ಪತ್ರವಿತ್ತು ಎಂಬುದೇ ಮುಂದೆ ತಕರಾರಾಗುತ್ತದೆ.

ಪತ್ರ ಕನ್ನಡದಲ್ಲಿ, ಒಂದೇ ಪುಟ. ಯಾವ ತಾರೀಖು, ಯಾವ ಶಿಫ್ಟ್, ಯಾವ ಮಷಿನ್, ಸಂಬಳ ಹಿಂದಿನಷ್ಟೇ, ಯಾರಿಗೆ ಫೋನ್ ಮಾಡಬೇಕು. ಬರಲು ಏಳು ದಿನ. ಬರಲಾಗದಿದ್ದರೆ ಕಾರಣವನ್ನು ಬರೆದು ತಿಳಿಸಿ ಎಂಬ ಸಾಲು ಎಲ್ಲಕ್ಕಿಂತ ಮುಖ್ಯ. "ಬಾರದಿದ್ದರೆ ರಾಜೀನಾಮೆ ಎಂದು ಪರಿಗಣಿಸಲಾಗುವುದು" ಎಂಬ ಮಾತು ಬೇಡವೇ ಬೇಡ. ರಾಜೀನಾಮೆ ಕೊಡುವವರು ಕಾರ್ಮಿಕರು, ಅವರ ಪರವಾಗಿ ಕಂಪನಿ ಕೊಡಲಾಗದು.

ಆಗಸ್ಟ್ 17ಕ್ಕೆ ಉತ್ತರ ಬಂತು, ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆಯಲ್ಲಿ. ತಂದೆಗೆ ಸಕ್ಕರೆ ಕಾಯಿಲೆ, ಬೆಂಗಳೂರಿಗೆ ಬಂದು ಹೋಗಿ ಮಾಡಲು ಭಯ. ಮೆಟ್ರೋ ಇನ್ನೂ ಶುರುವಾಗಿಲ್ಲ, ಎರಡನೇ ಶಿಫ್ಟ್ ಬಿಟ್ಟಮೇಲೆ ರಾತ್ರಿ ಹೋಗುವುದು ಹೇಗೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: "ಮೊದ್ಲ ಜುಲೈ ರೊಕ್ಕ ಹಾಕ್ರಿ."

ಜಗಳದ ಬೇರು ಅಲ್ಲಿತ್ತು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ 25ಸಿ ಸೆಕ್ಷನ್ ಪ್ರಕಾರ ಲೇ-ಆಫ್ ದಿನಗಳಿಗೆ ಬೇಸಿಕ್ (ಮೂಲ ವೇತನ) ಮತ್ತು ಡಿಎಯ (ತುಟ್ಟಿಭತ್ಯೆ) ಅರ್ಧ ಕೊಡಬೇಕಿತ್ತು, ವಾರದ ರಜೆ ಬಿಟ್ಟು. ಇವರ ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 13,000 ರೂಪಾಯಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500, ಅರ್ಧ 250. ಜೂನ್‌ನ 26 ದಿನಕ್ಕೆ 6,500 ಹೋಗಿತ್ತು. ಜುಲೈನ 27 ದಿನ ಮತ್ತು ಆಗಸ್ಟ್ 1, ಒಟ್ಟು 28 ದಿನದ 7,000 ತಡೆಹಿಡಿದಿದ್ದರು. ಕಾರಣ ಅದೇ ಕಾಯ್ದೆಯ 25ಇ: ದಿನಕ್ಕೊಮ್ಮೆ ಗೇಟಿಗೆ ಬಂದು ಹಾಜರಿ ಹಾಕದವರಿಗೆ ಪರಿಹಾರವಿಲ್ಲ. ನಿಯಮ ಇದ್ದದ್ದು ನಿಜ. ಆದರೆ "ಊರಿಗೆ ಹೋಗಿ, ಕರೆದಾಗ ಬನ್ನಿ" ಎಂದು ಕಳಿಸಿದ್ದು ನಮ್ಮ ಸೂಪರ್‌ವೈಸರೇ, ಆ ವಾಯ್ಸ್ ಮೆಸೇಜೂ ಅದೇ ಗ್ರೂಪಿನಲ್ಲಿತ್ತು. ಬರಬೇಡಿ ಎಂದು ಹೇಳಿ, ಬರಲಿಲ್ಲವೆಂದು ಹಣ ಹಿಡಿಯುವುದು ಅನ್ಯಾಯ. 7,000 ರೂಪಾಯಿಯನ್ನು ಮರುದಿನವೇ ಖಾತೆಗೆ ಹಾಕಿಸಿ, ಮೂರು ತಿಂಗಳು ಹಗಲು ಶಿಫ್ಟ್ ಕೊಡುವುದಾಗಿ ಇನ್ನೊಂದು ಪತ್ರ ಹೋಯಿತು.

ಉತ್ತರವೇ ಬಾರದಿದ್ದರೆ ದಾರಿ ಬೇರೆ. ಎರಡನೇ ಪತ್ರ, ನಂತರ ಶೋಕಾಸ್ (ಕಾರಣ ಕೇಳುವ) ನೋಟಿಸ್, ಆಮೇಲೆ ಚಾರ್ಜ್‌ಶೀಟ್ (ಆರೋಪಪಟ್ಟಿ). ಆರೋಪದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ತಾರೀಖು ನಮೂದಿಸಬೇಕು. ಅನುಮತಿಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಗೈರಾಗುವುದು ಆಗಿನ ಮಾದರಿ ಸ್ಥಾಯಿ ಆದೇಶಗಳ ಪ್ರಕಾರ ದುರ್ನಡತೆಯಾಗಿತ್ತು. ವಿಚಾರಣಾಧಿಕಾರಿ ಹೊರಗಿನವರಾದರೆ ಒಳ್ಳೆಯದು. ಜೊತೆ ಕೆಲಸಗಾರರೊಬ್ಬರ ನೆರವು ಪಡೆಯಲು, ಸಾಕ್ಷಿಗಳನ್ನು ಪ್ರಶ್ನಿಸಲು ಅವಕಾಶವಿರಬೇಕು. ವಿಚಾರಣೆಗೂ ಬಾರದಿದ್ದರೆ ಅದನ್ನು ದಾಖಲಿಸಿ ಸಾಕ್ಷ್ಯ ಪಡೆದೇ ಮುಂದುವರಿಯಬೇಕು, ಬರಲಿಲ್ಲ ಎಂಬುದೇ ತಪ್ಪೊಪ್ಪಿಗೆಯಲ್ಲ. ಈ ನಡುವೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಡಾಕ್ಟರ ಸರ್ಟಿಫಿಕೇಟ್ ಬಂತೆಂದರೆ ಅಲ್ಲಿಗೇ ನಿಲ್ಲಿಸಿ: ಸಿಕ್‌ನೆಸ್ ಬೆನಿಫಿಟ್ (ಕಾಯಿಲೆ ಭತ್ಯೆ) ಪಡೆಯುತ್ತಿರುವ ಅವಧಿಯಲ್ಲಿ ವಜಾ ಮಾಡುವುದನ್ನು ಆಗಿನ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ತಡೆಯುತ್ತಿತ್ತು. ಕಂಟೈನ್‌ಮೆಂಟ್ ಝೋನ್‌ನಲ್ಲಿ ಸಿಕ್ಕಿಬಿದ್ದವರದ್ದೂ ಬೇಕೆಂದೇ ಆದ ಗೈರಲ್ಲ. (2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ, ಸ್ಥಾಯಿ ಆದೇಶದ ನಿಯಮ ಈಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ. ಈಗ ಪತ್ರ ಬರೆಯುವವರು ಸೆಕ್ಷನ್ ಸಂಖ್ಯೆಗಳನ್ನು ಹಳೆಯ ಪತ್ರದಿಂದ ನಕಲು ಮಾಡಬೇಡಿ.)

ಆಪರೇಟರ್ ಕೊನೆಗೂ ಬರಲಿಲ್ಲ. ಹಣ ಸೇರಿದ ವಾರದಲ್ಲೇ ಅವರೇ ಫೋನ್ ಮಾಡಿ, ತಂದೆಯನ್ನು ಬಿಟ್ಟು ಬರಲಾಗದು, ಊರಲ್ಲೇ ಇರುತ್ತೇನೆ ಎಂದರು. ಸ್ವಂತ ಕೈಬರಹದ ರಾಜೀನಾಮೆ, ಜೊತೆಗೆ ಲಾಕರ್ ಕೀ, ಒಂದೇ ಲಕೋಟೆಯಲ್ಲಿ ಬಂತು. ಅವರು ಕೊಡಬೇಕಿದ್ದ ನೋಟಿಸ್ ಅವಧಿಯನ್ನು ಮನ್ನಾ ಮಾಡಿಸಿದೆವು. ಗ್ರಾಚ್ಯುಟಿ (ಸೇವಾವಧಿಗೆ ಕೊಡುವ ಇಡಿಗಂಟು) ದಿನಕ್ಕೆ 500ರಂತೆ ವರ್ಷಕ್ಕೆ 15 ದಿನ, ಆರು ವರ್ಷಕ್ಕೆ 45,000. ಇದನ್ನು 30 ದಿನದೊಳಗೆ ಕೊಡಬೇಕು, ಕೆಲಸಕ್ಕೆ ಬರಲಿಲ್ಲವೆಂಬ ಸಿಟ್ಟಿಗೆ ಹಿಡಿಯುವಂತಿಲ್ಲ. ಬಾಕಿ ರಜೆಯ ಸಂಬಳವೂ ಅದರ ಜೊತೆ ಹೋಯಿತು. ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ತಾರೀಖನ್ನು ಅದೇ ದಿನ ನಮೂದಿಸಿದೆವು. ಲಾಕರಿನಲ್ಲಿದ್ದ ಸೇಫ್ಟಿ ಶೂ ಮತ್ತು ಟಿಫಿನ್ ಡಬ್ಬಿಯನ್ನು ಹಾವೇರಿ ಕಡೆಗೆ ಹೊರಟಿದ್ದ ಇನ್ನೊಬ್ಬ ಆಪರೇಟರ್ ಕೈಯಲ್ಲಿ ಕೊಟ್ಟು ಕಳಿಸಿದೆವು.