ಉಳ್ಳಾಗಡ್ಡಿ ಸಿಟ್ಟಿಗೆ ಹುಟ್ಟಿದ ಸಂತೆ

ಅಮೆರಿಕದ ಸಿಯಾಟಲ್‌ಗೆ ಬಂದವರು ಪೈಕ್ ಪ್ಲೇಸ್ ಮಾರ್ಕೆಟ್‌ಗೆ ಹೋಗುವುದೇ ಮೀನು ಎಸೆಯುವುದನ್ನು ನೋಡಲು. ಗಿರಾಕಿ ಆರಿಸಿದ ಸಾಲ್ಮನ್ ಮೀನನ್ನು ಒಬ್ಬ ಎತ್ತಿ ಒಗೆಯುತ್ತಾನೆ, ಕೌಂಟರ್ ಹಿಂದೆ ನಿಂತವನು ಹಿಡಿಯುತ್ತಾನೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಮಜವೇ. ಆದರೆ ನಮ್ಮಂಥ ಕಲಬುರಗಿ ಗಂಜ್ (ಕಾಳುಕಡಿಯ ಸಗಟು ಮಾರುಕಟ್ಟೆ) ಕಡೆಯವರು ನೋಡಬೇಕಾದದ್ದು ಬೇರೆ ಇದೆ.

1907ರ ಮಾತು. ಒಂದೇ ವರ್ಷದಲ್ಲಿ ಉಳ್ಳಾಗಡ್ಡಿ ರೇಟು ಹತ್ತು ಪಟ್ಟು ಏರಿತ್ತು. ಬೆಳೆದವರ ಕೈಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ. ದಲಾಲಿ ಅಂಗಡಿಗೆ (ನಮ್ಮ ಕಡೆ ಅಡತ್ ಅಂತಾರೆ) ಮಾಲು ಹಾಕಬೇಕು, ಅವರು ಕಮಿಷನ್ ಹಿಡಿದು ಕೊಟ್ಟಷ್ಟು ತಗೋಬೇಕು. ಕೇಳಿದ ಕಥೆ ಅನಿಸುತ್ತೆ, ಅಲ್ವಾ? ಥಾಮಸ್ ರೆವೆಲ್ ಎಂಬ ನಗರಸಭೆ ಸದಸ್ಯರು, ರೈತರೇ ನೇರವಾಗಿ ಮಾರುವ ಜಾಗ ಆಗಲಿ ಎಂದು ಪಟ್ಟು ಹಿಡಿದರು. ಆಗಸ್ಟ್ 17ಕ್ಕೆ ಸಂತೆ ಶುರುವಾಯಿತು, ಬಂದದ್ದು ಕೆಲವೇ ಬಂಡಿ. ಜನ ಮುಗಿಬಿದ್ದು ಮಾಲೆಲ್ಲ ಖಾಲಿ.

ರೈತರ ಕಟ್ಟೆಗೆ ಈಗಲೂ ಅದೇ ನಿಯಮ: ತಾವು ಬೆಳೆದದ್ದನ್ನೇ ಮಾರಬೇಕು. ಹೊರಗಿಂದ ತಂದು ಮಾರುವ ಅಂಗಡಿಗಳೂ ಅದೇ ಸಾಲಿನಲ್ಲಿವೆ. ಅಲ್ಲಿ ಮಾವು ಕಂಡರೆ ಸಿಯಾಟಲ್‌ದು ಅಂದ್ಕೋಬೇಡಿ.

ನಾನು ಜಾಸ್ತಿ ಹೊತ್ತು ನಿಂತದ್ದು ಚೆರ್ರಿ ಮಾರುವ ಒಬ್ಬ ಹೆಣ್ಣುಮಗಳ ಮುಂದೆ. ರೇನಿಯರ್ ಚೆರ್ರಿ, ಹಳದಿ ಮೈ, ಒಂದು ಮಗ್ಗುಲು ಕೆಂಪು. ಒಡೆದ ಹಣ್ಣುಗಳನ್ನು ಆರಿಸಿ ಪಕ್ಕಕ್ಕೆ ಹಾಕುತ್ತಿದ್ದರು. ಹಣ್ಣಾಗುವ ಹೊತ್ತಿಗೆ ಮಳೆ ಬಂದರೆ ಸಿಪ್ಪೆ ಸೀಳುತ್ತದಂತೆ. ಹೂವಿನ ಹೊತ್ತಿಗೆ ಮೋಡ ಕವಿದರೆ ನಮ್ಮ ಕಾಕಾ ತೊಗರಿ ಬಗ್ಗೆ ಮಾತಾಡುವ ಧಾಟಿಯೇ ಅದು.

ಕಾಕಾಗೆ ವಿಡಿಯೋ ಕಾಲ್ ಮಾಡಿದೆ. ಮೀನಿನ ಕಡೆ ಅವರು ನೋಡಲೇ ಇಲ್ಲ.

"ಹಮಾಲಿ ಎಷ್ಟ್ ಹಿಡಿತಾರ? ಅಡತ್ ಯಾರ್ದು?"

"ಯಾರ್ದೂ ಇಲ್ಲ ಕಾಕಾ, ಕಟ್ಟೆಗೆ ಬಾಡಿಗಿ ಅಷ್ಟೇ."

"ಹಂಗಾರ ಒಂದ್ ಟ್ರ್ಯಾಕ್ಟರ್ ತೊಗರಿ ಅಲ್ಲಿಗೇ ತರ್ಲೇನೋ?"

ಈ ಸಂತೆಯೂ ಸುಮ್ನೆ ಉಳಿದದ್ದಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಇಲ್ಲಿನ ರೈತರಲ್ಲಿ ಜಪಾನಿ ಮೂಲದವರೇ ಹೆಚ್ಚು. 1942ರಲ್ಲಿ ಸರ್ಕಾರ ಅವರನ್ನು ಬಂಧನ ಶಿಬಿರಗಳಿಗೆ ಅಟ್ಟಿತು, ಕಟ್ಟೆಗಳು ಖಾಲಿ ಬಿದ್ದವು. ಆಮೇಲೆ ಸಂತೆಯನ್ನೇ ಕೆಡವುವ ಯೋಜನೆ ಬಂತು. 1971ರಲ್ಲಿ ಊರಿನವರು ಓಟು ಹಾಕಿ ಉಳಿಸಿಕೊಂಡರು.

ಕಾಕಾ ತಮಾಷೆಗೆ ಕೇಳಿದರೂ ಮಾತು ತಲೆಯಲ್ಲಿ ಉಳಿಯಿತು. ಚೆರ್ರಿ ಗಿಡದಿಂದ ನೇರ ಬಾಯಿಗೆ ಹೋಗುತ್ತದೆ. ತೊಗರಿ ಮಿಲ್ಲಿಗೆ ಹೋಗಿ ಬೇಳೆಯಾಗಬೇಕು. ನಡುವಿನವರು ನುಗ್ಗುವುದು ಅಲ್ಲೇ. ಕಲಬುರಗಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಮಾಲು ಎಂಬ ಅಧಿಕೃತ ಗುರುತು) ಏನೋ ಸಿಕ್ಕಿತು. ತಾವೇ ಬೇಳೆ ಮಾಡಿಸಿ ಮಾರುವ ರೈತರಿಗೆ ಊರೊಳಗೆ ಇಂಥದೊಂದು ಕಟ್ಟೆಯೂ ಸಿಗಲಿ. ಸೂಪರ್ ಮಾರ್ಕೆಟ್ ಅಂತ ಕರೆಯುವ ಕಲಬುರಗಿ ಪೇಟೆಯ ಹತ್ತಿರ ಆದರೆ ಇನ್ನೂ ಒಳ್ಳೇದು, ಗಿರಾಕಿಯನ್ನು ಕರೆಯಬೇಕಾಗಿಲ್ಲ.