ರಾಯಚೂರಿಗೆ ಕ್ಯಾಮೆರಾ ಹಿಡಿದು ಹೊರಟವರಿಗೆ: ‘ಕೋಟೆ ಕಾಣುವ ಕೋಣೆ’ ಕೇಳಬೇಡಿ

‘ಕೋಟೆ ಕಾಣುವ ಕೋಣೆ’ ಎಂದು ಫೋನಿನಲ್ಲಿ ಹೇಳಿ, ಮುಂಗಡ ಹಾಕಿಸಿಕೊಂಡು, ದಿನಕ್ಕೆ 1,800 ರೂಪಾಯಿ ಪಡೆದ ವಸತಿಗೃಹದ ಕಿಟಕಿ ತೆರೆದಾಗ ನನಗೆ ಕಂಡದ್ದು ಪಕ್ಕದ ಕಟ್ಟಡದ ಕಪ್ಪು ನೀರಿನ ಟ್ಯಾಂಕು ಮತ್ತು ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಬೆನ್ನು. ಕೌಂಟರಿನಲ್ಲಿ ಕೇಳಿದರೆ, ‘ತಾರಸಿ ಮೇಲಿಂದ ಚೆನ್ನಾಗಿ ಕಾಣುತ್ತದೆ ಸರ್’ ಎಂದರು. ತಾರಸಿಗೆ ಬೀಗ. ಬೀಗದ ಕೈ ಮಾಲೀಕರ ಬಳಿ, ಮಾಲೀಕರು ಮದುವೆಗೆ ಹೋಗಿದ್ದಾರೆ. ಅದೇ ಬೀದಿಯ ಇನ್ನೊಂದು ವಸತಿಗೃಹದಲ್ಲಿ 700 ರೂಪಾಯಿಗೆ ಕೋಣೆ ಇತ್ತು, ಬಿಸಿನೀರೂ ಇತ್ತು. ಮುಂಗಡ ಮಾತ್ರ ಮರಳಲಿಲ್ಲ.

ಅಷ್ಟಕ್ಕೂ ರಾಯಚೂರಿನಲ್ಲಿ ಕೋಟೆ ನೋಡಲು ಕೋಣೆಗೆ ಹಣ ಸುರಿಯಬೇಕಾಗಿಲ್ಲ. ಬಸ್ ನಿಲ್ದಾಣದಿಂದ ಹೊರಬಿದ್ದರೆ ಗೋಡೆ ಕಣ್ಣೆದುರಿಗೇ ಇದೆ. ಆದ್ದರಿಂದ ಫೋನಿನಲ್ಲಿ ಏನನ್ನೂ ಗೊತ್ತುಪಡಿಸದೆ ಹೋಗಿ, ಕೋಣೆಯನ್ನು ಕಣ್ಣಾರೆ ನೋಡಿ, ಆಮೇಲೆ ದರ ಮಾತಾಡಿ. ಬೆಂಗಳೂರಿನಿಂದ ಗುಂತಕಲ್ ಮಾರ್ಗವಾಗಿ ಹೋಗುವ ರಾತ್ರಿ ರೈಲು ಬೆಳಗಾಗುವ ಮುನ್ನವೇ ಇಳಿಸಿಬಿಡುತ್ತದೆ. ಆಟೊದವರೊಂದಿಗೆ ಆ ಕತ್ತಲಲ್ಲಿ ಚೌಕಾಸಿ ಮಾಡುವ ಬದಲು ನಿಲ್ದಾಣದಲ್ಲೇ ಚಹಾ ಕುಡಿದು, ಬೆಳಕು ಹರಿದ ಮೇಲೆ ಹೊರಬನ್ನಿ.

ನಮ್ಮ ಕಡೆಯ ಹವ್ಯಾಸಿ ಛಾಯಾಗ್ರಾಹಕರೆಲ್ಲ ಹಂಪಿಗೆ ಹೋಗಿ ಅದೇ ಕಲ್ಲಿನ ರಥವನ್ನು ಅದೇ ಜಾಗದಲ್ಲಿ ನಿಂತು ತೆಗೆದು ಬರುತ್ತಾರೆ. ಮನುಷ್ಯರು ಚೌಕಟ್ಟಿನೊಳಗೆ ಬಂದರೆ ‘ಸ್ವಲ್ಪ ಸರಿಯಿರಿ’ ಎನ್ನುತ್ತಾರೆ. ರಾಯಚೂರಿನಲ್ಲಿ ಯಾರನ್ನೂ ಸರಿಸಲಾಗುವುದಿಲ್ಲ. ಗೋಡೆಗೆ ಒರಗಿ ಹಣ್ಣಿನ ಬಂಡಿ ನಿಂತಿರುತ್ತದೆ, ಮಗ್ಗುಲಲ್ಲೇ ಯಾರೋ ಬೈಕು ನಿಲ್ಲಿಸಿ ಫೋನಿನಲ್ಲಿ ಜಗಳವಾಡುತ್ತಿರುತ್ತಾರೆ. ಸ್ಮಾರಕದ ಅಂಚೆಚೀಟಿಯಂಥ ಚಿತ್ರ ಬೇಕಾದವರಿಗೆ ಈ ಊರು ಹಿಡಿಸದು. ನನಗೆ ಹಿಡಿಸಿತು.

ಒಳಕೋಟೆಯನ್ನು 1294ರಲ್ಲಿ ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಯ ದಂಡನಾಯಕ ವಿಠ್ಠಲನಾಥ ಕಟ್ಟಿಸಿದನೆಂದು ಹೇಳುವ ಶಾಸನ ಗೋಡೆಯ ಮೇಲೆಯೇ ಇದೆ. ಶಾಸನ ಕೊರೆದಿರುವ ಕಲ್ಲು ಒಂದೇ ತುಂಡು, ಉದ್ದ 41 ಅಡಿಗೂ ಹೆಚ್ಚು. ಎಲ್ಲರೂ ಆ ಉದ್ದವನ್ನೇ ನೋಡಿ ಮುಂದೆ ಹೋಗುತ್ತಾರೆ. ಅದರ ಪಕ್ಕದ ಗೆರೆಚಿತ್ರದ ಮುಂದೆ ನಿಲ್ಲಿ. ಅಷ್ಟು ದೊಡ್ಡ ಕಲ್ಲನ್ನು ಗಣಿಯಿಂದ ತಂದ ಬಗೆಯನ್ನು ಅಲ್ಲಿ ಕೊರೆದಿದ್ದಾರೆ: ಗಟ್ಟಿ ಚಕ್ರಗಳ ಬಂಡಿಯ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು, ನಡುನಡುವೆ ಅವನ್ನು ಹುರಿದುಂಬಿಸುವ ಆಳುಗಳು, ಹಿಂದೆ ಚಕ್ರಕ್ಕೆ ಸನ್ನೆಗೋಲು ಕೊಟ್ಟು ನೂಕುತ್ತಿರುವವರು. ರಾಜನಿಲ್ಲ, ದೇವರಿಲ್ಲ, ದುಡಿಯುವವರಷ್ಟೇ. ಬೀದಿ ಛಾಯಾಗ್ರಹಣ ಎಂದು ನಾವು ಇಂದು ಕರೆಯುವುದನ್ನು ಯಾವನೋ ಕಲ್ಲುಕುಟಿಗ ಉಳಿಯಿಂದ ಮಾಡಿ ಮುಗಿಸಿದ್ದಾನೆ. ಗೆರೆಗಳು ಆಳವಿಲ್ಲ. ಬಿಸಿಲು ನೇರವಾಗಿ ಬಿದ್ದರೆ ಏನೂ ಕಾಣುವುದಿಲ್ಲ. ಸಂಜೆ ಮಬ್ಬಾದ ಮೇಲೆ ಜೊತೆಯವರಿಂದ ಗೋಡೆಯ ಬದಿಗೆ ಮೊಬೈಲ್ ಟಾರ್ಚು ಓರೆಯಾಗಿ ಹಿಡಿಸಿ. ಕೋಣಗಳ ಕೊಂಬುಗಳು ಒಂದೊಂದಾಗಿ ಎದ್ದು ಬರುತ್ತವೆ.

ಇಂದಿನ ಹೊರೆ ನೋಡಬೇಕಾದರೆ ಬೆಳಿಗ್ಗೆ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿಗೆ ಹೋಗಿ. ದಸರೆ ಕಳೆದ ಮೇಲೆ ಹತ್ತಿ ಬರತೊಡಗಿದರೆ ಅಂಗಳವೆಲ್ಲ ಬೆಳ್ಳಗಾಗುತ್ತದೆ. ಕ್ಯಾಮೆರಾಕ್ಕೆ ಇದು ಕಷ್ಟದ ಬಿಳುಪು. ಅದರ ಲೆಕ್ಕಕ್ಕೇ ಬಿಟ್ಟರೆ ಹತ್ತಿಯನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಹಂತ ಏರಿಸಿಕೊಳ್ಳಿ, ಆದರೆ ನೇರ ಬಿಸಿಲಲ್ಲಿ ಅಷ್ಟು ಬೇಡ. ಅಲ್ಲಿ ಲೆನ್ಸ್ ಬದಲಿಸಬಾರದು. ಗಾಳಿಯಲ್ಲಿ ತೇಲುವ ಎಳೆಗಳು ಒಳಗೆ ಹೊಕ್ಕರೆ ಪ್ರತಿ ಚಿತ್ರದ ಆಕಾಶದಲ್ಲೂ ಒಂದು ಹುಳು ಕೂರುತ್ತದೆ. 35 ಎಂಎಂ ಲೆನ್ಸ್ ಒಂದೇ ಸಾಕು. ಉದ್ದನೆಯ ಲೆನ್ಸ್ ಎತ್ತಿದರೆ ದಲಾಲರು ತೂಕದ ತನಿಖೆಗೆ ಬಂದವರೆಂದು ತಿಳಿಯುತ್ತಾರೆ. ಮೊದಲು ಒಂದು ಅಂಗಡಿಯಲ್ಲಿ ಕುಳಿತು ಬಂದ ಕೆಲಸ ಹೇಳಿ. ಹಮಾಲರಿಗೆ ದಾರಿ ಬಿಡಿ. ಬೆನ್ನ ಮೇಲೆ ಮೂಟೆ ಇರುವವರು ನಿಮ್ಮ ಚೌಕಟ್ಟಿಗಾಗಿ ನಿಲ್ಲುವುದಿಲ್ಲ, ನಿಲ್ಲಲೂಬಾರದು.

‘ಯಾವ ಪೇಪರಿನವರು?’ ಎಂಬ ಪ್ರಶ್ನೆಗೆ ಸಿದ್ಧರಾಗಿರಿ. ತೀನ್ ಕಂದೀಲ್ ಬಳಿ ಒಬ್ಬ ಹಿರಿಯರು, ನಾನು ಯಾವ ಪೇಪರಿನವನೂ ಅಲ್ಲವೆಂದರೂ ಕೇಳದೆ, ಕೈ ಹಿಡಿದು ಓಣಿಯೊಳಗೆ ಕರೆದೊಯ್ದು ಉಕ್ಕುತ್ತಿದ್ದ ಚರಂಡಿ ತೋರಿಸಿದರು. ‘ಮೊದಲು ಇದನ್ನು ತೆಗೆಯಿರಿ, ಆಮೇಲೆ ಕೋಟೆ’ ಎಂದರು. ತೆಗೆದೆ. ಆ ಪ್ರವಾಸದಲ್ಲಿ ತೆಗೆದ ಒಳ್ಳೆಯ ಭಾವಚಿತ್ರ ಅವರದೇ, ಚರಂಡಿಯ ಕಡೆ ಬೆರಳು ಚಾಚಿ ನಿಂತದ್ದು.

ಊಟದ ವಿಷಯದಲ್ಲಿ ಫ್ಯಾಮಿಲಿ ರೆಸ್ಟೋರೆಂಟುಗಳನ್ನು ಬಿಟ್ಟುಬಿಡಿ. ಉಸ್ಮಾನಿಯಾ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಅಕ್ಕ ಒಬ್ಬರು ಬಂಡಿ ಇಟ್ಟಿದ್ದಾರೆ, ಫಲಕವಿಲ್ಲ. ಮಂಡಾಳು (ಮಂಡಕ್ಕಿ) ಒಗ್ಗರಣೆ, ಮಿರ್ಚಿ ಬಜ್ಜಿ, ಅಷ್ಟೇ. ಮಂಡಾಳನ್ನು ನೀರಿಗೆ ಹಾಕಿ, ಮೆತ್ತಗಾಗುವಷ್ಟರಲ್ಲಿ ಎರಡೂ ಅಂಗೈ ನಡುವೆ ಹಿಂಡಿ ತೆಗೆಯುತ್ತಾರೆ. ಒಂದು ಗಳಿಗೆ ತಡವಾದರೂ ಮುದ್ದೆ, ಬೇಗ ತೆಗೆದರೆ ನಡುವೆ ಒಣ ಕಾಳು. ಅವರ ಕಣ್ಣು ನೀರಿನ ಕಡೆ ಹೋಗುವುದೇ ಇಲ್ಲ, ಗಿರಾಕಿಯ ಜೊತೆ ಮಾತು ನಡೆದಿರುತ್ತದೆ. ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸು, ಈರುಳ್ಳಿ, ಕರಿಬೇವು, ಅರಿಸಿನ. ಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ, ಹಿಂಡಲು ನಿಂಬೆಹೋಳು. ಹಾಳೆಯ ತಟ್ಟೆಯಲ್ಲಿ ಒಗ್ಗರಣೆ, ಅದರ ಮೇಲೆ ಎರಡು ಬಿಸಿ ಮಿರ್ಚಿ. ಮೂವತ್ತು ರೂಪಾಯಿ. ‘ಇನ್ನಷ್ಟು ಹಾಕಲೇನು ಅಣ್ಣಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಕುತ್ತಾರೆ, ಅದಕ್ಕೆ ಲೆಕ್ಕವಿಲ್ಲ. ಬಂಡಿಯ ಮುಂದೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಒಗ್ಗರಣೆಯ ಹಬೆ ಏಳುವ ಹೊತ್ತಿಗೆ ಪೂರ್ವದ ಬಿಸಿಲು ಹಿಂದಿನಿಂದ ಬೀಳುತ್ತದೆ, 1/250 ಸೆಕೆಂಡಿನ ಶಟರ್ ವೇಗದ ಆಸುಪಾಸಿನಲ್ಲಿ ತೆಗೆಯಿರಿ. ತಿಂದ ಮೇಲೆ ಕ್ಯಾಮೆರಾ ಮುಟ್ಟುವ ಮುನ್ನ ಕೈ ತೊಳೆಯಿರಿ.

ಹನ್ನೊಂದರ ನಂತರ ಮಲಗುವುದೇ ಲೇಸು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ, ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಆದರೂ ನಾನು ಇನ್ನೊಮ್ಮೆ ಹೋಗುವುದು ಕಾರಹುಣ್ಣಿಮೆಗೆ. ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ಆಗ ನಡೆಯುತ್ತದೆ. ಗೋಡೆಯ ಮೇಲಿನ ಆ ಕೋಣಗಳನ್ನು ನೋಡಿದ ಮೇಲೆ ಅದನ್ನು ತಪ್ಪಿಸಿಕೊಳ್ಳಲು ಮನಸ್ಸಿಲ್ಲ.

1513ರ ಏಕ್ ಮಿನಾರ್ ಮಸೀದಿಯ ಒಂಟಿ ಗೋಪುರವನ್ನು ವಿದ್ಯುತ್ ತಂತಿಗಳಿಲ್ಲದೆ ತೆಗೆಯಲು ಹೆಣಗಬೇಡಿ, ತಂತಿ ಇರಲಿ. ಕೋಟೆಯ ಬೆಟ್ಟದ ಮೇಲಕ್ಕೆ ಸಂಜೆ ಹತ್ತಿ, ಊರೆಲ್ಲ ಕಾಣುತ್ತದೆ. ಮೇಲೆ ದರ್ಗಾ ಇದೆ, ಬಂದವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಕೇಳಿ.

ಶಕ್ತಿನಗರಕ್ಕೆ ಹೋಗುವ ಆಸೆಯಿದ್ದರೆ ಕೃಷ್ಣೆಯ ಸೇತುವೆಗಾಗಿ ಹೋಗಿ, 1,720 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರದ ಗೇಟಿನತ್ತ ಕ್ಯಾಮೆರಾ ತಿರುಗಿಸಬೇಡಿ. ಕಾವಲಿನವರು ಸುಮ್ಮನಿರುವುದಿಲ್ಲ. ಪಾಳಿ ಬಿಡುವ ಹೊತ್ತಿನ ಬಸ್ಸು ಹತ್ತಲೇಬೇಡಿ. ನಾನು ಒಂದೇ ಕಾಲಿನ ಮೇಲೆ ನಿಂತು, ಎದೆಗೆ ಚೀಲ ಅವುಚಿಕೊಂಡು ರಾಯಚೂರು ಸೇರಿದೆ. ಕಂಡಕ್ಟರ್ ಮಾತ್ರ ‘ಒಳಗೆ ಜಾಗ ಇದೆ, ಸರಿಯಿರಿ’ ಎನ್ನುತ್ತಲೇ ಇದ್ದರು. ಅರ್ಧ ಗಂಟೆ ಕಾದರೆ ಮುಂದಿನದರಲ್ಲಿ ಕಿಟಕಿ ಪಕ್ಕ ಸೀಟು ಸಿಗುತ್ತದೆ.