ಲಾಗಿನ್ ಗೋಡೆಯ ಹಿಂದಿನ ಸ್ಲೈಡು

ಮೂಡಲ್‌ನಲ್ಲಿ (ಲಾಗಿನ್ ಆದವರಿಗಷ್ಟೇ ಪಾಠದ ಸಾಮಗ್ರಿ ತೆರೆಯುವ ಕಾಲೇಜಿನ ಜಾಲತಾಣ) ಮೇಷ್ಟ್ರು ಹಾಕಿದ ಸ್ಲೈಡನ್ನು ಉಲ್ಲೇಖಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು ಇಷ್ಟೇ: ಓದುವವರಿಗೆ ಅದು ತೆರೆಯುತ್ತದೆಯೇ?

ಅದೇ ತರಗತಿಯ ಅಸೈನ್‌ಮೆಂಟ್ ಆದರೆ, ಎಪಿಎ (ಮೂಲಗಳನ್ನು ಉಲ್ಲೇಖಿಸುವ ಒಂದು ಶೈಲಿ) 7ನೇ ಆವೃತ್ತಿಯಂತೆ ಕೊನೆಯ ಉಲ್ಲೇಖ ಪಟ್ಟಿಯಲ್ಲಿ ಹೆಸರು, ದಿನಾಂಕ, ಶೀರ್ಷಿಕೆ, ಚೌಕ ಕಂಸದಲ್ಲಿ ‘ಪವರ್‌ಪಾಯಿಂಟ್ ಸ್ಲೈಡ್ಸ್’, ಆಮೇಲೆ ಮೂಡಲ್, ಕೊನೆಗೆ ಲಾಗಿನ್ ಪುಟದ ವಿಳಾಸ. ಫೈಲಿನ ನೇರ ಲಿಂಕ್ ಬೇಡ.

ಬರಹ ಜರ್ನಲ್‌ಗೆ ಹೋಗುವುದಾದರೆ ಓದುಗರಿಗೆ ಲಾಗಿನ್ ಇರುವುದಿಲ್ಲ, ಆಗ ಆ ಸ್ಲೈಡು ‘ವೈಯಕ್ತಿಕ ಸಂವಹನ’. ಇನಿಷಿಯಲ್ ಸಮೇತ ಹೆಸರು, ಪೂರ್ತಿ ದಿನಾಂಕ ವಾಕ್ಯದ ಪಕ್ಕದಲ್ಲೇ ಬರಬೇಕು. ಕೊನೆಯ ಪಟ್ಟಿಗೆ ಸೇರಿಸಬಾರದು, ಯಾಕೆಂದರೆ ಆ ಪಟ್ಟಿ ಇರುವುದೇ ಓದುಗರು ಹುಡುಕಿ ತೆಗೆಯಲಿ ಎಂದು.

ಸ್ಲೈಡಿನ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬೇರೆಯವರ ಹೆಸರು, ಇಸವಿ ಇದೆಯಾ ನೋಡಿ. ಎಷ್ಟೋ ಸಲ ಮೇಷ್ಟ್ರ ಹೆಸರಿಗೆ ನಾವು ಬರೆಯುವುದು ಇನ್ಯಾರದೋ ವರ್ಷಗಳ ದುಡಿಮೆ. ಇದ್ದರೆ ಆ ಮೂಲ ಲೇಖನವನ್ನೇ ತೆಗೆದು ಓದಿ, ಅದನ್ನೇ ಉಲ್ಲೇಖಿಸಿ.